ಅಪ್ಪ ಮಲಗಿದ್ದಾಗ ಹಾಡಿದ ಹಾಡು

ಟ್ರಂಕಿನ ತಳದಿಂದ ಕ್ಯಾಸೆಟ್ಟಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ನುಸಿಗುಳಿಗೆ, ತುಕ್ಕು, ಅದರ ಹಿಂದೆಯೇ ಒದ್ದೆ ಕಾಗದ. ನೀವು ಭದ್ರಾವತಿಯ ಕಾಗದನಗರದಲ್ಲಿ ಬೆಳೆದವರಾಗಿದ್ದರೆ ಆ ಕೊನೆಯ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ; ಬೆಳೆದವರಲ್ಲದಿದ್ದರೆ ವಿವರಿಸಿ ಪ್ರಯೋಜನವಿಲ್ಲ. ಮನೆಗೆ ಬಂದ ನೆಂಟರು ಕಾಗದದ ಕಾರ್ಖಾನೆಯ ಗಾಳಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೋ, ಅಂಥದೊಂದು ವಾಸನೆ ಇದೆಯೆಂದು ಗೊತ್ತಾಗುತ್ತಿದ್ದದ್ದೇ ಊರು ಬಿಟ್ಟು ಹೊರಗೆ ಹೋದಾಗ.

ಕ್ಯಾಸೆಟ್ಟಿನ ಮೇಲೆ ಬರೆದಿರುವುದು ಶರಣರ ವಚನಗಳು ಅಂತ. ಒಳಗೆ ಇರುವುದು ಬೇರೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನ ಮೇಲೆ ನಮ್ಮದೇನಾದರೂ ತುಂಬಬೇಕಾದರೆ ಅದರ ಬೆನ್ನಿನ ಸಣ್ಣ ತೂತಿಗೆ ಕಾಗದದ ಉಂಡೆ ತುರುಕಬೇಕಿತ್ತು, ನೆನಪಿದೆಯಲ್ಲ? ಆ ಉಂಡೆ ಇನ್ನೂ ಅಲ್ಲೇ ಇತ್ತು, ಚೆನ್ನಾಗಿ ಇತ್ತು. ನಮ್ಮೂರಿನ ಕಾಗದ ಅಷ್ಟು ಗಟ್ಟಿ. ಆದರೆ ಟೇಪಿನ ಸುರುಳಿಯ ಅಂಚಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಅದನ್ನು ಕಂಡ ಕೂಡಲೇ ಹೆದರಿಕೆಯಾಯಿತು. ಹಾಳಾಗಿದೆಯಲ್ಲಾ ಎಂಬ ಹೆದರಿಕೆ ಅರ್ಧ. ಪೂರ್ತಿ ಹಾಳಾಗಿಲ್ಲವಲ್ಲಾ ಎಂಬ ಹೆದರಿಕೆ ಇನ್ನರ್ಧ.

ಇದೆಲ್ಲ ಶುರುವಾದದ್ದು ಒಂದು ಫೋನಿನಿಂದ. ಹುಡುಗಿಯ ದನಿ, ಬಹಳ ವಿನಯ.

"ಮೇಡಂ, ನಾನು ಸಿಂಚನಾ ಅಂತ. 'ಮೂರನೇ ಪಾಳಿ' ಟೀಮಿಂದ ಮಾತಾಡ್ತಿದೀನಿ. ಬ್ಯಾಂಡ್ ಕಟ್ಟೋಕ್ ಮುಂಚೆ ಬಸವರಾಜ್ ಸರ್ ಹಾಡಿದ್ ಒಂದು ಕ್ಯಾಸೆಟ್ ನಿಮ್ಮತ್ರ ಇರ್ಬೋದು ಅಂತ ಅವ್ರೇ ಅಂದ್ರು. ಹಳೇ ರೆಕಾರ್ಡಿಂಗ್ಸ್ ಎಲ್ಲಾ ಸೇರ್ಸಿ ಒಂದು ಆಲ್ಬಂ ಮಾಡ್ತಿದೀವಿ."

"ಇರ್ಬೋದು" ಎಂದೆ.

"ಸ್ವಲ್ಪ ಜೋರಾಗಿ ಹೇಳ್ತೀರಾ ಮೇಡಂ? ಕೇಳಿಸ್ತಿಲ್ಲ."

"ಇರ್ಬೋದು."

"ಅಯ್ಯೋ ಸೂಪರ್! ಮೇಡಂ, ಇನ್ನೊಂದು ವಿಷಯ. ನಿಮ್ ಫಾದರ್ ಬೈಯೋದು, ತಂತಿ ಕೀಳೋದು, ಅದೂ ರೆಕಾರ್ಡ್ ಆಗಿದ್ಯಾ? ಆಗಿದ್ರೆ ಆಲ್ಬಂ ಅಲ್ಲಿಂದ್ಲೇ ಸ್ಟಾರ್ಟ್ ಮಾಡ್ಬೇಕು ಅಂತ ನಮ್ಮ ಪ್ಲ್ಯಾನು."

ಸಕ್ರೆಬೈಲಿನಲ್ಲಿ ಆನೆಗಳ ಜೊತೆ ಅವರದೊಂದು ಶೂಟಿಂಗ್ ಇದೆಯಂತೆ. ಅದು ಮುಗಿಸಿಕೊಂಡು ಭಾನುವಾರ ನಮ್ಮ ಮನೆಗೆ ಬರುತ್ತಾರಂತೆ, ಬಸವರಾಜನೂ ಖುದ್ದಾಗಿ. ನಾನು ಏನು ಹೇಳಿದೆನೋ ನೆನಪಿಲ್ಲ. ಫೋನ್ ಇಟ್ಟ ಮೇಲೆ ನೋಡಿದರೆ ಕೈಯಲ್ಲಿದ್ದ ಲೋಟದ ಕಾಫಿ ಸೀರೆಯ ಮೇಲಿತ್ತು.

'ಮೂರನೇ ಪಾಳಿ'ಯನ್ನು ನೀವು ಕೇಳದೇ ಇರಲು ಸಾಧ್ಯವಿಲ್ಲ. ನಿಮಗೆ ಇಷ್ಟವಿಲ್ಲದಿದ್ದರೂ ನಿಮ್ಮ ಪಕ್ಕದ ಮನೆಯ ಹುಡುಗರು ಕೇಳಿಸಿರುತ್ತಾರೆ. ಅವರ 'ಐದು ತಂತಿ' ಹಾಡನ್ನಂತೂ ಶಿವಮೊಗ್ಗದ ನಮ್ಮ ಆಲ್ಕೊಳ ಸರ್ಕಲ್ಲಿನ ಆಟೋಗಳು ಹಾರನ್ನಿಗಿಂತ ಹೆಚ್ಚು ಬಳಸುತ್ತವೆ. 'ಒಂದು ತಂತಿ ಕಿತ್ತರೇನು, ಐದು ಉಂಟು ಹಾಡಲು' ಎಂದು ಬಸವರಾಜ ಪಿಸುದನಿಯಲ್ಲಿ ಶುರುಮಾಡಿದರೆ ಸಾಕು, ಮೈದಾನದ ತುಂಬ ನೆರೆದ ಹುಡುಗರು ಹುಚ್ಚೆದ್ದು ಕೂಗುತ್ತಾರೆ. ಆ ಹಾಡಿನಲ್ಲಿ ಒಬ್ಬ ಅಪ್ಪ ಇದ್ದಾನೆ. ಹಾಡುವ ಹುಡುಗರನ್ನು ಮನೆಯಿಂದ ಓಡಿಸಿ, ಅವರ ಗಿಟಾರಿನ ತಂತಿಯನ್ನು ಕಿತ್ತು ಕಸಕ್ಕೆ ಎಸೆಯುವ ಅಪ್ಪ. ಸಂದರ್ಶನ ಕೊಟ್ಟಲ್ಲೆಲ್ಲ ಬಸವರಾಜ ಹೇಳುತ್ತಾನೆ: ಇದು ಕಲ್ಪನೆಯಲ್ಲ, ಭದ್ರಾವತಿಯ ಒಂದು ಕ್ವಾರ್ಟರ್ಸಿನಲ್ಲಿ ನಿಜವಾಗಿ ನಡೆದದ್ದು. ಹೆಸರು ಹೇಳುವುದಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಾನೆ.

ಆ ಕ್ವಾರ್ಟರ್ಸು ನಮ್ಮದು. ಆ ಅಪ್ಪ ನಮ್ಮಪ್ಪ. ಈಗ ನನ್ನ ಮನೆಯ ಒಳಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾನೆ.

ನಿದ್ದೆಯ ಮಾತು ಬಂತಲ್ಲ, ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಪಾಳಿಯ ಮೇಲೆ ಬದುಕುವ ಊರಿನಲ್ಲಿ ಹಗಲಿನಲ್ಲಿ ಯಾವಾಗಲೂ ಯಾರೋ ಒಬ್ಬರು ಮಲಗಿರುತ್ತಾರೆ. ರಾತ್ರಿಯ ಮೂರನೇ ಪಾಳಿ ಮುಗಿಸಿ ಬಂದ ಗಂಡಸರು, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಮಲಗಿದರೆ ಏಳುವುದು ಸಂಜೆಗೆ. ಅದಕ್ಕೇ ನಮ್ಮ ಸಾಲಿನ ಮನೆಗಳಲ್ಲಿ ಹಗಲೆಲ್ಲ ಪಿಸುಮಾತು. ಕುಕ್ಕರ್ ಕೂಗುವ ಮೊದಲೇ ಅಮ್ಮ ಒಲೆ ಆರಿಸುತ್ತಿದ್ದಳು. ಬಾಗಿಲಿನ ಕೀಲಿಗೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ. ತರಕಾರಿಯವನು ಕೂಡ ನಮ್ಮ ಬೀದಿಗೆ ಬಂದರೆ ಕೂಗುತ್ತಿರಲಿಲ್ಲ, ಗೇಟಿನ ಹತ್ತಿರ ನಿಂತು ಕೆಮ್ಮುತ್ತಿದ್ದ. "ಶ್, ಅಪ್ಪ ಮಲಗಿದಾರೆ" ಎಂಬುದು ನಾನು ಹುಟ್ಟಿದ ಮೇಲೆ ಕಿವಿಗೆ ಬಿದ್ದ ಮೊದಲ ವಾಕ್ಯವಿರಬೇಕು.

ಇದರ ಫಲ ನನ್ನ ಗಂಟಲಿನಲ್ಲಿ ಇವತ್ತಿಗೂ ಇದೆ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮುಂದಿನ ಬೆಂಚಿನವರಿಗೆ ಕನ್ನಡ ಬರುತ್ತದೆ; ಹಿಂದಿನ ಬೆಂಚಿನವರಿಗೆ ನನ್ನ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತದೆ. "ಮೇಡಂ, ಕೇಳ್ಸಲ್ಲ" ಎಂಬ ಕೂಗಿಗೆ ನಾನೂ ಒಗ್ಗಿಹೋಗಿದ್ದೇನೆ, ಅವರೂ ಒಗ್ಗಿಹೋಗಿದ್ದಾರೆ. ನನ್ನ ಗಂಡನಂತೂ, "ನೀನು ಜಗಳ ಆಡಿದ್ರೂ ಗುಟ್ಟು ಹೇಳ್ದಂಗಿರುತ್ತೆ ಮಾರಾಯ್ತಿ, ಸಿಟ್ಟು ಬಂದಿದ್ರೆ ಮೊದ್ಲೇ ಹೇಳ್ಬಿಡು" ಎಂದು ಛೇಡಿಸುತ್ತಾನೆ. ಅಪ್ಪ ನಿವೃತ್ತನಾಗಿ ಎಷ್ಟೋ ಕಾಲವಾಯಿತು, ಅಮ್ಮ ಹೋಗಿಯೂ ವರ್ಷಗಳಾದವು. ಕಾರ್ಖಾನೆಯ ಸೈರನ್ನೂ ಈಗ ಕೇಳುವುದಿಲ್ಲ. ಆದರೂ ಅಪ್ಪ ಹಗಲು ಮಲಗುವುದನ್ನು ಬಿಟ್ಟಿಲ್ಲ, ನಾನು ತುದಿಗಾಲಲ್ಲಿ ನಡೆಯುವುದನ್ನು ಬಿಟ್ಟಿಲ್ಲ. ವಿಚಿತ್ರವೆಂದರೆ, ಸರ್ಕಲ್ಲಿನ ಲಾರಿಗಳ ಗದ್ದಲಕ್ಕೆ ಏಳದ ಮನುಷ್ಯ ಕರೆಂಟು ಹೋಗಿ ಫ್ಯಾನು ನಿಂತ ಕೂಡಲೇ ಎದ್ದು ಕೂರುತ್ತಾನೆ. ಸೆಕೆಗೆ ಎಚ್ಚರವಾಗುತ್ತದೆ ಎಂದುಕೊಂಡಿದ್ದೆ.

ನಾನು ಪಿಯುಸಿಯಲ್ಲಿದ್ದಾಗ ಬಸವರಾಜ, ಅಂದರೆ ನಮ್ಮ ಬಸು, ನನ್ನ ಸಹಪಾಠಿ. ನಮ್ಮದೇ ಬಡಾವಣೆಯವನು. ಅವನ ಮನೆಯಲ್ಲಿ ತಮ್ಮಂದಿರು ತಂಗಿಯರು ಸೇರಿ ಕೂರುವುದಕ್ಕೂ ಜಾಗವಿಲ್ಲ, ಹಾಡುವುದೆಲ್ಲಿ ಬಂತು? ಇನ್ನೊಬ್ಬ ಸೆಲ್ವಂ, ಕಬ್ಬಿಣದ ಕಾರ್ಖಾನೆಯ ಕಡೆಯವನು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ನಮ್ಮ ಮನೆಯಲ್ಲಿ ರೇಡಿಯೋ ಜೊತೆಗಿನ ಟೇಪ್ ರೆಕಾರ್ಡರ್ ಇತ್ತು, ಮುಂದಿನ ಕೋಣೆಯೂ ಖಾಲಿ ಇರುತ್ತಿತ್ತು. ಅದಕ್ಕೇ ಇವರ ಸಂಗೀತ ನಮ್ಮ ಮನೆಗೆ ಬಂತು. ಅಮ್ಮ ಒಂದೇ ಷರತ್ತು ಹಾಕಿದಳು. "ಏನಾದ್ರೂ ಮಾಡ್ಕಳಿ. ಅವ್ರಿಗೆ ಎಚ್ಚರ ಆಗ್ಬಾರ್ದು."

ಈಗ ನೀವೇ ಯೋಚಿಸಿ. ರಾಕ್ ಸಂಗೀತ, ಅದೂ ಸದ್ದು ಮಾಡದೆ. ಬಸು ಗಿಟಾರಿನ ಹೊಟ್ಟೆಗೆ ನಮ್ಮನೆಯ ಟವೆಲ್ಲು ತುರುಕಿದ. ಸೆಲ್ವಂನ ಡ್ರಮ್ಮನ್ನು ಗೇಟಿನೊಳಗೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಅವನು ನಮ್ಮಪ್ಪ ಕಾರ್ಖಾನೆಯಿಂದ ತಂದಿಟ್ಟಿದ್ದ ರದ್ದಿ ಕಾಗದದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಪೊರಕೆಯ ಕಡ್ಡಿಗಳಿಂದ ಸರ್ ಸರ್ ಎಂದು ಬಾರಿಸಿದ. ಬಸು ಗಂಟಲಿನಿಂದ ಹಾಡುವುದನ್ನು ಬಿಟ್ಟು ಉಸಿರಿನಿಂದ ಹಾಡಲು ಕಲಿತ. ಸ್ವಲ್ಪ ದನಿ ಏರಿದರೆ ಸೆಲ್ವಂ, "ಡೇ, ಮೆಲ್ಲ ಪಾಡುಡಾ, ಪೆರಿಯವರು ಎದ್ಬಿಡ್ತಾರೆ" ಎಂದು ಕಡ್ಡಿಯಿಂದಲೇ ತಿವಿಯುತ್ತಿದ್ದ. ಈಗ ಪತ್ರಿಕೆಗಳಲ್ಲಿ 'ಮೂರನೇ ಪಾಳಿ'ಯ ಪಿಸುದನಿಯ ಬಗ್ಗೆ ಏನೇನೋ ಬರೆಯುತ್ತಾರೆ. ಅದು ಅಬ್ಬರದ ಕಾಲಕ್ಕೆ ಕೊಟ್ಟ ಉತ್ತರವಂತೆ, ದಮನಿತರ ಮೌನವಂತೆ. ಸ್ಟುಡಿಯೋದಲ್ಲಿ ಇವತ್ತಿಗೂ ಸೆಲ್ವಂ ಕಾಗದದ ಕಟ್ಟನ್ನೇ ಬಾರಿಸುತ್ತಾನಂತೆ. ಅದೆಲ್ಲ ಓದುವಾಗ ನನಗೆ ಒಳಕೋಣೆಯ ಗೊರಕೆಯೇ ಕೇಳಿಸುತ್ತದೆ. ಆ ಸಂಗೀತಕ್ಕೆ ನಮ್ಮಪ್ಪನ ನಿದ್ದೆಯಷ್ಟು ದೊಡ್ಡ ಗುರು ಇನ್ನೊಬ್ಬರಿಲ್ಲ, ಹೇಳಿದರೆ ಯಾರೂ ನಂಬುವುದಿಲ್ಲ.

ನನ್ನ ಕೆಲಸ ಎರಡು. ಟೇಪಿನ ಕೆಂಪು ಗುಂಡಿ ಒತ್ತುವುದು, ಆಮೇಲೆ ಒಳಕೋಣೆಯ ಬಾಗಿಲಿಗೆ ಒರಗಿ ಗೊರಕೆ ಕೇಳುತ್ತ ಕೂರುವುದು. ಗೊರಕೆ ನಿಂತರೆ ಕೈ ಎತ್ತಬೇಕು. ಸಂಗೀತಕ್ಕೆ ನನ್ನ ಕೊಡುಗೆ ಅಷ್ಟೇ. ಆದರೆ ಅಷ್ಟು ಭಯದಿಂದ ಯಾವ ವಾದ್ಯವನ್ನೂ ಯಾರೂ ನುಡಿಸಿರಲಾರರು. ಅಪ್ಪ ಕೆಟ್ಟವನಲ್ಲ, ಸಿಟ್ಟಿನವನು. ರೇಷನ್ ಅಂಗಡಿಯ ಕ್ಯೂನಲ್ಲಿ ಯಾರಾದರೂ ನುಗ್ಗಿದರೆ ಅವನ ದನಿ ಬೀದಿಯ ಆ ತುದಿಗೆ ಕೇಳುತ್ತಿತ್ತು. ಮನೆಯಲ್ಲಿ ಮಾತೇ ಕಡಿಮೆ. ಕಡಿಮೆ ಮಾತಾಡುವವರ ಸಿಟ್ಟು ಯಾವ ಕಡೆಯಿಂದ ಬರುತ್ತದೆಂದು ಹೇಳಲಾಗದು, ಅದೇ ಹೆದರಿಕೆ.

ಆ ದಿನ ಅಮ್ಮ ಮನೆಯಲ್ಲಿರಲಿಲ್ಲ. ಬಸು ಕಟ್ಟಿದ್ದ ಬಿದಿರಿನ ಲಾರಿಯ ಹಾಡು ಮುಗಿಯುತ್ತ ಬಂದಿತ್ತು. ಕಾಡಿನಿಂದ ಕಾರ್ಖಾನೆಗೆ ಬಿದಿರು ಹೊತ್ತು ಬರುವ ಲಾರಿಗಳ ಮೇಲಿನ ಹಾಡು ಅದು, ಚೆನ್ನಾಗಿತ್ತು. ಕೊನೆಯ ಸಾಲಿಗೆ ಬಂದಾಗ ಗೊರಕೆ ನಿಂತಿತು. ಕೈ ಎತ್ತಿದೆ. ಹಾಡು ನಿಂತಿತು. ಮಂಚ ಕಿರ್ ಎಂದಿತು. ಆಮೇಲೆ ಯಾರು ಮೊದಲು ಎದ್ದರೋ ಗೊತ್ತಿಲ್ಲ, ಮೂವರೂ ಹಿತ್ತಲಿನ ಬಾಗಿಲಿನಿಂದ ಓಡಿದೆವು. ಸೆಲ್ವಂ ಕಾಂಪೌಂಡು ಹಾರಿದ. ನಾನು ಗೆಳತಿಯ ಮನೆ ಸೇರಿ, ಹೊತ್ತು ಮುಳುಗುವವರೆಗೆ ಅಲ್ಲೇ ಇದ್ದೆ. ಗಿಟಾರು ಕೋಣೆಯಲ್ಲೇ ಉಳಿಯಿತು. ಟೇಪು ತಿರುಗುತ್ತಲೇ ಇತ್ತು.

ಮನೆಗೆ ಬಂದಾಗ ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದ. ನನ್ನ ಮುಖ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಗಿಟಾರು ಗೋಡೆಗೆ ಒರಗಿತ್ತು, ಐದೇ ತಂತಿ. ಆರನೆಯದು ಸುರುಳಿ ಸುತ್ತಿ ಕಸದ ಬುಟ್ಟಿಯಲ್ಲಿತ್ತು. ಮಾರನೆಯ ದಿನ ಬಸು ತಾನು ಬರಲಾರದೆ ಸೆಲ್ವಂನನ್ನು ಕಳಿಸಿದ. ಅಪ್ಪ ಗೇಟಿನಲ್ಲೇ ನಿಂತು ಗಿಟಾರನ್ನು ಅವನ ಕೈಗಿತ್ತು, ಬಾಯಿ ತೆರೆಯದೆ ಒಳಗೆ ಬಂದ. ತಂತಿಯ ಕತೆ ಅಲ್ಲಿಂದ ಹುಟ್ಟಿತು. ಬಸು ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ, ಓದಲು ಮೈಸೂರಿಗೆ ಹೋದ, ಸೆಲ್ವಂನನ್ನೂ ಕರೆಸಿಕೊಂಡು ಅಲ್ಲೇ ಬ್ಯಾಂಡು ಕಟ್ಟಿದ. ಕ್ಯಾಸೆಟ್ಟು ನನ್ನ ಟ್ರಂಕು ಸೇರಿತು.

ಇಷ್ಟು ವರ್ಷ ಅದನ್ನು ನಾನು ಕೇಳಲಿಲ್ಲ. ಯಾಕೆಂದು ನೀವು ಕೇಳಬಹುದು. ಕಸದ ಬುಟ್ಟಿಯಲ್ಲಿ ತಂತಿ ಕಂಡಿದ್ದೆ ನಿಜ, ಕಿತ್ತದ್ದನ್ನು ಕಂಡಿರಲಿಲ್ಲ. ಕೇಳದೆ ಇರುವಷ್ಟು ದಿನ ಅಪ್ಪನ ತಪ್ಪು ಅರ್ಧವೇ ಆಗಿರುತ್ತದೆ ಎನ್ನುವುದು ನನ್ನ ಲೆಕ್ಕ. ಕೇಳಿಬಿಟ್ಟರೆ, ಅವನು ಹಲ್ಲು ಕಚ್ಚಿ ತಂತಿ ಕೀಳುವ ಸದ್ದು ನನ್ನ ಕಿವಿಯಲ್ಲಿ ಉಳಿದುಬಿಡುತ್ತದೆ. ಆಮೇಲೆ ಅದೇ ಕೈಗೆ ನಾನು ಊಟದ ತಟ್ಟೆ ಕೊಡಬೇಕು.

'ಐದು ತಂತಿ' ಹೆಸರಾದ ಮೇಲೆ ನನ್ನ ಕಷ್ಟ ಇಮ್ಮಡಿಯಾಯಿತು. ಅಪ್ಪನ ಜೊತೆ ಆಟೋ ಹತ್ತಿದರೆ ಆ ಹಾಡು, ಗಣಪತಿ ಬಿಡುವ ಮೆರವಣಿಗೆಯಲ್ಲಿ ಆ ಹಾಡು, ನೆಂಟರ ಮದುವೆಯ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರದೂ ಆ ಹಾಡೇ. ಪ್ರತಿ ಸಲವೂ ನಾನು ಅಪ್ಪನ ಮುಖವನ್ನು ಓರೆಗಣ್ಣಿನಿಂದ ನೋಡುತ್ತೇನೆ. ಮದುವೆಯಲ್ಲಿ ಒಮ್ಮೆ ಅವನು ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು, "ನಡಿ, ಹೋಗಣ" ಎಂದು ಎದ್ದುಬಿಟ್ಟ. ಗೊತ್ತಾಗಿಹೋಯಿತೇ? ಗೊತ್ತಾಗಿದ್ದರೆ ಸಿಟ್ಟೇ? ಅಥವಾ ಬರೀ ಗದ್ದಲಕ್ಕೆ ತಲೆನೋವೇ? ಕೇಳುವ ಧೈರ್ಯ ನನಗೆಲ್ಲಿ. ದಾರಿಯುದ್ದಕ್ಕೂ ಬಿಸಿಲಿನ ಬಗ್ಗೆ ಮಾತಾಡಿದೆ.

ಈಗ ಭಾನುವಾರ ಬರುತ್ತಿದೆ. ಅಪ್ಪನ ಬೈಗುಳದಿಂದ ಆಲ್ಬಂ ಶುರುವಾಗುತ್ತದೆ. ನಾಳೆ ನಾನು ಸತ್ತ ಮೇಲೂ, ಅಪ್ಪ ಸತ್ತ ಮೇಲೂ, ಯಾವುದೋ ಊರಿನ ಯಾವುದೋ ಹುಡುಗ ಕಿವಿಗೆ ವಯರು ಸಿಕ್ಕಿಸಿಕೊಂಡು ನಮ್ಮಪ್ಪನ ಸಿಟ್ಟನ್ನು ಕೇಳಿ ಮಜಾ ತೆಗೆದುಕೊಳ್ಳುತ್ತಾನೆ. ಕ್ಯಾಸೆಟ್ಟು ಕಳೆದುಹೋಯಿತೆಂದು ಹೇಳಿಬಿಡಲೇ? ಬೂಷ್ಟು ಹಿಡಿದಿದೆ, ಇನ್ನೊಂದಿಷ್ಟು ದಿನ ಬಚ್ಚಲುಮನೆಯಲ್ಲಿಟ್ಟರೆ ತಾನೇ ಮುಗಿಯುತ್ತದೆ. ಹಾಗೆ ಯೋಚಿಸಿದ್ದು ಸುಳ್ಳಲ್ಲ. ಆದರೆ ಅದರೊಳಗೆ ಬಸುವಿನ ಆ ವಯಸ್ಸಿನ ದನಿಯೂ ಇದೆ, ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಕೊನೆಗೆ, ಬೇರೆಯವರು ಕೇಳುವ ಮೊದಲು ನಾನೇ ಕೇಳುತ್ತೇನೆ ಎಂದು ನಿರ್ಧರಿಸಿದೆ.

ಹಳೆಯ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಬೆಲ್ಲದ ಪಾಕದ ಹಾಗಾಗಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಬೆಲ್ಟು ಹಾಕಿಕೊಟ್ಟು, ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದ.

"ಮೇಡಂ, ಇದು ಬಹುತ್ ನಾಜೂಕ್ ಐಟಂ. ಒಂದ್ಸಲ ಓಡುತ್ತೆ ಅನ್ಸುತ್ತೆ. ಎರಡ್ನೇ ಸಲಕ್ಕೆ ನಂದು ಗ್ಯಾರಂಟಿ ಇಲ್ಲ. ಓಡೋವಾಗ್ಲೇ ಮೊಬೈಲ್ ಪಕ್ಕಕ್ಕಿಟ್ಟು ರೆಕಾರ್ಡ್ ಮಾಡ್ಕಳಿ."

ಹಾಗೆ ಶನಿವಾರ ಮಧ್ಯಾಹ್ನ, ಅಪ್ಪ ಮಲಗಿದ್ದಾಗ, ನನ್ನ ಗಂಡನೂ ಹೊರಗೆ ಹೋಗಿದ್ದಾಗ, ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತೆ. ಮೊಬೈಲಿನ ಕೆಂಪು ಗುಂಡಿ ಒತ್ತಿದೆ. ಒತ್ತಿದೆನೋ ಇಲ್ಲವೋ ಎಂದು ಮತ್ತೆ ನೋಡಿದೆ. ಟೇಪಿನ ದನಿಯನ್ನು ತೀರಾ ತಗ್ಗಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಗುಂಡಿ ಅದುಮಿದೆ.

ಮೊದಲು ಮಳೆ ಬಂದಂಥ ಸದ್ದು. ಅದರೊಳಗಿಂದ ಬಸುವಿನ ದನಿ ಎದ್ದಿತು, ಮೀಸೆ ಇನ್ನೂ ಸರಿಯಾಗಿ ಬರದ ಹುಡುಗನ ದನಿ. ಸೆಲ್ವಂನ ಪೊರಕೆ. ಅವೆರಡರ ಹಿಂದೆ ಗೊರಕೆ. ಹಾಡುಗಳು ಒಂದಾದ ಮೇಲೊಂದು ಬಂದವು. ಅವು ಚೆನ್ನಾಗಿದ್ದವೋ ಇಲ್ಲವೋ ಹೇಳಲಾರೆ. ನಾನು ಆಗ ಹೇಗೆ ಗೊರಕೆಗೆ ಮಾತ್ರ ಕಿವಿ ಕೊಟ್ಟಿದ್ದೆನೋ ಈಗಲೂ ಹಾಗೆಯೇ ಕೂತಿದ್ದೆ. ಬಿದಿರಿನ ಲಾರಿಯ ಹಾಡು ಬಂತು. ಗೊರಕೆ ನಿಂತಿತು. ನನ್ನ ಕೈ ತಾನಾಗಿ ಮೇಲೆದ್ದಿತು, ನಿಜವಾಗಿ. ಕುರ್ಚಿ ಬಿದ್ದ ಸದ್ದು, ಓಡಿದ ಸದ್ದು, ಹಿತ್ತಲಿನ ಅಗುಳಿ. ಆಮೇಲೆ ನಿಶ್ಶಬ್ದ. ಆಫ್ ಮಾಡಿಬಿಡಬೇಕೆನ್ನಿಸಿತು. ಬೆರಳು ಗುಂಡಿಯ ಮೇಲೇ ಇತ್ತು.

ಒಳಕೋಣೆಯ ಬಾಗಿಲು ತೆರೆದುಕೊಂಡಿತು. ಅಪ್ಪನ ದನಿ, ಈಗಿನದಕ್ಕಿಂತ ಬಹಳ ಗಟ್ಟಿ.

"ಯಾಕ್ರೋ, ನಿಲ್ಸ್ಬಿಟ್ರಿ?"

ಉತ್ತರ ಕೊಡುವವರು ಯಾರೂ ಇಲ್ಲ.

"ಎಲ್ಲಿ ಹೋದ್ವು ಇವು?"

ಹೆಜ್ಜೆಯ ಸದ್ದು. ಕುರ್ಚಿ ಎತ್ತಿ ನಿಲ್ಲಿಸಿದ ಸದ್ದು. ಆಮೇಲೆ 'ಟಿಂಯ್' ಎಂದು ಒಂದು ತಂತಿ ಮಿಡಿಯಿತು. ಮತ್ತೆ ಮಿಡಿಯಿತು. ಇನ್ನೊಂದು ತಂತಿ, ಮತ್ತೊಂದು. ಏನೋ ತಿರುಗಿಸಿದ ಕಿರಕಿರ. ಮೀಟುವುದು, ತಿರುಗಿಸುವುದು, ಮೀಟುವುದು. ತಂತಿಯ ದನಿ ಏರುತ್ತ ಏರುತ್ತ ಹೋಗಿ 'ಟಪ್' ಎಂದು ಹರಿಯಿತು.

"ಅಯ್ಯೋ ಶಿವನೇ!"

ಆ ಎರಡು ಮಾತಿನಲ್ಲಿದ್ದ ಗಾಬರಿಯನ್ನು ಹೇಗೆ ಹೇಳಲಿ? ಕಂಡವರ ಮನೆಯ ಪಿಂಗಾಣಿ ಬಟ್ಟಲು ಒಡೆದ ಮಗು ಹಾಗೆ ಕೂಗುತ್ತದೆ. ಆಮೇಲೆ ಉಸಿರಿನ ಸದ್ದು, ಏನೋ ಎಳೆದಾಡಿದ ಸದ್ದು. "ಗಂಟು ನಿಲ್ತಿಲ್ಲಲ್ಲ ಇದು... ಯಾರ್ ಮಗಂದೋ ಏನೋ, ಛೆ." ಮತ್ತೆ ಎಳೆದಾಟ. ಹಾಗೆ ಎಳೆದಾಡುತ್ತಲೇ, ಕೆಲಸ ಮಾಡುವಾಗ ಗಂಡಸರು ತಮಗರಿವಿಲ್ಲದೆ ಗುನುಗುತ್ತಾರಲ್ಲ, ಹಾಗೆ ಅಪ್ಪ ಗುನುಗತೊಡಗಿದ. ಬಿದಿರಿನ ಲಾರಿಯ ಹಾಡನ್ನೇ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು. 'ಬಿದಿರಿನ ಲಾರಿ ಬಂತೋ, ಕಾಡನ್ನೇ ಹೊತ್ತು ತಂತೋ' ಎಂದು ಬಸು ಉಸಿರಿನಲ್ಲಿ ಹಾಡಿದ್ದ ಸಾಲನ್ನು ಅಪ್ಪ ಮಠದ ಭಜನೆಯ ಧಾಟಿಗೆ ಎಳೆದು, ಖಾಲಿ ಮನೆಯಲ್ಲಿ, ತುಂಬು ಗಂಟಲಿನಲ್ಲಿ ಹಾಡಿದ. ಬಸು ಕೊನೆಗೆ ನುಂಗಿಕೊಂಡಿದ್ದ ಸಾಲನ್ನೂ ಹಾಡಿದ. ಅಂದರೆ ಅವನಿಗೆ ಅದು ಬಾಯಿಗೆ ಬರುತ್ತಿತ್ತು, ಮೊದಲೂ ಎಷ್ಟೋ ಸಲ ಮಂಚದ ಮೇಲಿಂದ ಕೇಳಿಸಿಕೊಂಡಿದ್ದ. ನಮ್ಮಪ್ಪ ಹಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಡಿನ ನಡುವೆಯೇ ಟೇಪು ಟಕ್ ಎಂದು ನಿಂತಿತು.

ನಾನು ಅಳುತ್ತಿದ್ದೆ. ಸದ್ದಿಲ್ಲದೆ ಅಳುವುದು ನಮ್ಮ ಮನೆಯವರಿಗೆ ಕಷ್ಟವಲ್ಲ. ಮೊಬೈಲಿನಲ್ಲಿ ಎಲ್ಲವೂ ಬಂದಿತ್ತು. ಕ್ಯಾಸೆಟ್ಟು ಹೊರತೆಗೆಯಲು ಹೋದರೆ ಟೇಪಿನ ಕರುಳು ಯಂತ್ರಕ್ಕೆ ಸುತ್ತಿಕೊಂಡು ತುಂಡಾಯಿತು. ತಲೆ ಎತ್ತಿದಾಗ ಒಳಕೋಣೆಯ ಬಾಗಿಲಲ್ಲಿ ಅಪ್ಪ ನಿಂತಿದ್ದ, ಪಂಚೆಯ ತುದಿ ಕೈಯಲ್ಲಿ.

"ಯಾಕೆ ನಿಲ್ಸ್ದೆ?"

"ಎಚ್ಚರ ಆಯ್ತಾ ಅಪ್ಪ? ಸಣ್ಣಗೇ ಇಟ್ಟಿದ್ದೆ..."

"ಸಣ್ಣಗೆ ಇಟ್ಟಿದ್ದಕ್ಕೇ ಎಚ್ಚರ ಆಗಿದ್ದು" ಎಂದು ಅಪ್ಪ ಕುರ್ಚಿಗೆ ಕೂತ. "ಅಷ್ಟು ವರ್ಷ ಮಷೀನ್ ಪಕ್ಕ ನಿಂತೋನು ಕಣೆ ನಾನು. ಕಿವಿಗೆ ಹತ್ತಿ ಇಟ್ಕಂಡು, ಅದರ ಗುಂಯ್ ಅನ್ನೋದ್ರಲ್ಲೇ ನಿಂತ್ಕಂಡೇ ತೂಕಡಿಸ್ತಿದ್ದೆ. ಸದ್ದಿದ್ರೆ ನಂಗೆ ನಿದ್ದೆ. ನಿಮ್ಮಮ್ಮ, ನೀನು, ಬೀದಿಯೋರು, ಎಲ್ಲಾ ಪಿಸಿಪಿಸಿ ಪಿಸಿಪಿಸಿ. ಏನ್ ಮಾತಾಡ್ತಾವೋ ಏನೋ ಅಂತ ಕಿವಿ ಅಲ್ಲೇ ಹೋಗದು. ಮನೆಗ್ ಬಂದು ನಾನು ಸರಿಯಾಗಿ ಮಲಗೇ ಇಲ್ಲ."

"ಮತ್ತೆ ಗೊರಕೆ?"

"ಗೊರಕೆ ನಿಲ್ಸಿದ್ರೆ ನೀವು ಹಾಡು ನಿಲ್ಸ್ತಿದ್ರಲ್ಲ."

"ಒಂದ್ ಮಾತು ಹೇಳ್ಬೋದಿತ್ತಲ್ಲಪ್ಪ" ಎಂದೆ.

"ನಿಮ್ಮಮ್ಮ ನನ್ ನಿದ್ದೇನ ಅಷ್ಟು ಜೋಪಾನ ಮಾಡ್ತಿದ್ಲು. ಹೆಂಗ್ ಹೇಳ್ಳಿ?" ಆಮೇಲೆ, ನಾನು ಕೇಳದೆಯೇ ಅಪ್ಪ ಹೇಳಿದ: "ಅವತ್ತು ಹಾಡು ಕೇಳ್ತಾ ಗೊರಕೆ ಮರ್ತೆ, ನೀವು ಓಡಿದ್ರಿ. ಆ ಹುಡುಗನ್ ತಂತಿ ನಾನೇ ಹರ್ದಿದ್ದು. ಒಂಚೂರು ಮೀಟಣ ಅಂತ ಹೋದೆ. ಮಾರನೇ ದಿನ ಭದ್ರಾವತಿ ಪೇಟೆಯೆಲ್ಲಾ ಹುಡುಕ್ದೆ. ವೀಣೆ ತಂತಿ ಇದೆ ಅಂದ್ರು. ಗಿಟಾರಿಗೆ ಆಗುತ್ತಾ ಅಂತ ಕೇಳಕ್ಕೆ ನಾಚ್ಕೆ ಆಯ್ತು, ವಾಪಸ್ ಬಂದೆ. ಅವ್ನು ಹಾಡು ಕಟ್ಟಿ ಬೈತಾನೆ, ಆಟೋದಲ್ಲೆಲ್ಲಾ ಕೇಳಿದೀನಿ. ಬೈಲಿ ಬಿಡು. ಹರ್ದಿದ್ದಂತೂ ಹೌದಲ್ಲ."

ಅವನಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ನಾನು ಓರೆಗಣ್ಣಿನಿಂದ ನೋಡುತ್ತಿದ್ದ ಮುಖದಲ್ಲಿ ಸಿಟ್ಟು ಇರಲೇ ಇಲ್ಲ, ನಾಚಿಕೆ ಇತ್ತು. ಹೋಳಿಗೆ ಬಿಟ್ಟು ಎದ್ದದ್ದೂ ಅದಕ್ಕೇ. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಹಾಡಿಗೆ ಬೆದರುತ್ತ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಇಷ್ಟು ವರ್ಷ ಬದುಕಿದ್ದೆವು.

"ಆ ಕೊನೇಲಿ ಹಾಡಿದ್ಯಾರು?" ಎಂದು ಅಪ್ಪ ಕೇಳಿದ. ಬಾಗಿಲಿನಿಂದ ಪೂರ್ತಿ ಕೇಳಿಸಿರಲಿಲ್ಲವೆಂದು ಕಾಣುತ್ತದೆ.

ಮೊಬೈಲಿನಲ್ಲಿ ಆ ಭಾಗವನ್ನು ಹಾಕಿ, ದನಿ ಪೂರ್ತಿ ಏರಿಸಿ ಅವನ ಮುಂದಿಟ್ಟೆ. ಅಪ್ಪ ತಲೆ ಓರೆ ಮಾಡಿ ಕೇಳಿದ. ಅವನಿಗೆ ತನ್ನ ದನಿಯ ಗುರುತು ಹತ್ತಲಿಲ್ಲ.

"ಇವ್ನಿಗೆ ಶ್ರುತಿ ಇಲ್ಲ" ಎಂದ. "ಮೊದ್ಲು ಹಾಡಿದ್ ಹುಡುಗನೇ ವಾಸಿ." ಎದ್ದು, "ನಾಳೆ ಅವ್ನು ಬರ್ತಾನೆ ಅಂತ ಗಂಡನ್ ಹತ್ರ ಪಿಸುಗುಟ್ತಿದ್ಯಲ್ಲ, ಒಂದು ತಂತಿ ತರ್ಸಿಡು. ತೀರಾ ಸಣ್ಣದು, ಎಲ್ಲಕ್ಕಿಂತ ಕೆಳಗಿರುತ್ತಲ್ಲ, ಅದು" ಎಂದು ಹೇಳಿ ಮತ್ತೆ ಮಲಗಲು ಹೋದ.

ಬಾಗಿಲು ಮುಚ್ಚಿತು. ಗೊರಕೆ ಶುರುವಾಯಿತು. ನಿಜವಾದದ್ದೋ ನನಗಾಗಿಯೋ ಎಂದು ಈಗ ಅನುಮಾನ. ಫೋನ್ ತೆಗೆದುಕೊಂಡು ಸಿಂಚನಾಳ ನಂಬರು ಒತ್ತಿದೆ. ಹಳೆಯ ಅಭ್ಯಾಸದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಪಿಸುದನಿಯಲ್ಲಿ ಎಲ್ಲ ಹೇಳತೊಡಗಿದೆ.

"ಮೇಡಂ, ಒಂದೂ ಕೇಳಿಸ್ತಿಲ್ಲ. ಬಸವರಾಜ್ ಸರ್ ಇಲ್ಲೇ ಇದಾರೆ, ಸ್ಪೀಕರಿಗೆ ಹಾಕಿದೀನಿ. ಜೋರಾಗಿ ಹೇಳಿ."

ಬಾಯಿಯಿಂದ ಕೈ ತೆಗೆದೆ.

"ಬಸೂ!" ಎಂದು ಕೂಗಿದೆ. ಗೋಡೆಯ ಕ್ಯಾಲೆಂಡರು ಅಲುಗಾಡಿತು ಎಂದರೆ ಉತ್ಪ್ರೇಕ್ಷೆ, ಆದರೆ ನನಗೆ ಹಾಗೇ ಅನ್ನಿಸಿತು. "ಬಸೂ, ನಮ್ಮಪ್ಪ ತಂತಿ ಕಿತ್ತಿಲ್ಲ ಕಣೋ! ನಿನ್ ಹಾಡು ನುಡಿಸಕ್ ಹೋಗಿ ಹರ್ದಿದಾನೆ! ಬಾ ನಾಳೆ, ಕೇಳಿಸ್ತೀನಿ! ಅವ್ನು ಹಾಡಿರೋದೂ ಆಲ್ಬಮ್ಮಲ್ಲಿ ಇರ್ಬೇಕು, ಒಂದ್ ಸಾಲೂ ಕತ್ತರಿಸ್ಬಾರ್ದು, ಕೇಳಿಸ್ತಾ?"

ನಾನು ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ಒಳಕೋಣೆಯ ಕಡೆ ಕಿವಿಗೊಟ್ಟೆ.

ಗೊರಕೆ ನಿಲ್ಲಲಿಲ್ಲ.